ಓಟು ಹಾಕುವತನಕ ಮೀನಿಲ್ಲ

ಓಟಿನ ದಿನ ನಮ್ಮ ಅಜ್ಜಿ ಓಟು ಹಾಕಿ ಬರುವತನಕ ಮೀನು ಮುಟ್ಟುತ್ತಿರಲಿಲ್ಲ. ಇದನ್ನು ಹೇಳಿದರೆ ಜನ ನಗುತ್ತಾರೆ. ನಗಲಿ. ಮೀನು ಮಾರಿ ಬದುಕಿದ ಕೇರಿ ನಮ್ಮದು, ಬೆಳಗಿನ ಗಂಜಿಗೂ ಒಂದು ಒಣ ತಾರ್ಲೆ ಸುಟ್ಟು ನಂಚಿಕೊಳ್ಳದೆ ಬಾಯಿ ತೆರೆಯದ ಮನೆ ನಮ್ಮದು. ಅಲ್ಲಿ ಅರ್ಧ ದಿನ ಮೀನು ಬಿಡುವುದು ಅಂದರೆ ಏನು ಅಂತ ನಕ್ಕವರಿಗೆ ಗೊತ್ತಿಲ್ಲ. ಸೋಮವಾರ, ಏಕಾದಶಿ ಅಂತ ದೇವರಿಗೂ ಅವಳು ಅಷ್ಟು ಬಿಟ್ಟುಕೊಟ್ಟವಳಲ್ಲ.

ಅದು ಅವಳು ಹುಟ್ಟಿಸಿಕೊಂಡ ನೇಮವೂ ಅಲ್ಲ. ಅಂಕೋಲೆಯ ಬಳಿ, ಬೆಳಂಬಾರದ ಈಚೆಗಿರುವ ನಮ್ಮ ಕೇರಿಯಲ್ಲಿ ಮಳೆಗಾಲ ಮುಗಿದು ಮೊದಲ ಸಲ ದೊಡ್ಡ ಬಲೆ ನೀರಿಗಿಳಿಸುವ ದಿನ ಹೆಂಗಸರು ಮೀನು ಬಾಯಿಗಿಡುತ್ತಿರಲಿಲ್ಲ. ಬಲೆ ದಡಕ್ಕೆ ಬರಬೇಕು, ಆಮೇಲೆ ಊಟ. ಬಲೆ ಹರಿದು ಬರಿಗೈಯಲ್ಲಿ ಬಂದರೆ ಮರುದಿನವೂ ಇಲ್ಲ. ಬಲೆ ಬಂತು ಅಂತ ಆಗುವತನಕ ಇಲ್ಲ. ಅಜ್ಜಿ ಆ ನೇಮವನ್ನು ಓಟಿಗೂ ಹಚ್ಚಿಕೊಂಡಿದ್ದಳು. ಯಾಕೆ ಅಂತ ಕೇಳಿದರೆ, "ಅದೂ ಹಂಗೇ ಅಲ್ದಾ. ಎಲ್ಲ ಸೇರಿ ಎಳೆಯೂದು" ಅನ್ನುತ್ತಿದ್ದಳು.

ಅಜ್ಜನ ಕಾಲಕ್ಕೆ ಕೇರಿಗೆ ಕೇರಿಯೇ ಒಂದು ಗುರ್ತಿಗೆ ಓಟು ಹಾಕುತ್ತಿತ್ತಂತೆ. ಅಂಕೋಲೆಯ ಕಡೆ ಉಪ್ಪು ಮಾಡಿ ಜೈಲಿಗೆ ಹೋದವರ ಕಾಲ ಅದು. ಅಜ್ಜ ಜೈಲಿಗೇನೂ ಹೋದವನಲ್ಲ. ಉಪ್ಪು ಕಾಯಿಸುವವರಿಗೆ ಕೊಡದಲ್ಲಿ ಸಮುದ್ರದ ನೀರು ಹೊತ್ತು ಕೊಟ್ಟ ಹುಡುಗರಲ್ಲಿ ಒಬ್ಬ, ಅಷ್ಟೇ. ಪೋಲೀಸರು ಮೀನಖಂಡಕ್ಕೆ ಒಂದು ಬಾರಿಸಿದರು, ಎಡಗಾಲು ಕೊನೆತನಕ ಸ್ವಲ್ಪ ಎಳೆಯುತ್ತಿತ್ತು. ಮುಂದೆ ಸರಕಾರ ಅಂಥವರಿಗೆಲ್ಲ ಪಿಂಚಣಿ ಕೊಟ್ಟಾಗ ಇವನಲ್ಲಿ ಕಾಗದವಿರಲಿಲ್ಲ. "ಅವರ ಕಾಲೇ ಕಾಗದ" ಅಂತ ಅಜ್ಜಿ ಹೇಳುತ್ತಿದ್ದಳು. ಕಾಲು ನೋಡಿ ಯಾವ ಕಚೇರಿಯೂ ದುಡ್ಡು ಕೊಡಲಿಲ್ಲ ಅನ್ನುವುದು ಬೇರೆ ಮಾತು.

ಆದರೆ ಅಜ್ಜಿ ಆ ಗುರ್ತಿಗೆ ಕಚ್ಚಿಕೊಂಡದ್ದು ಉಪ್ಪಿಗಾಗಿ ಅಲ್ಲ, ಸ್ವಾತಂತ್ರ್ಯಕ್ಕಾಗಿಯೂ ಅಲ್ಲ. ಈ ಕತೆಯನ್ನು ಪ್ರತಿ ಎಲೆಕ್ಷನ್ನಿಗೂ ಹೇಳುತ್ತಿದ್ದಳು, ನನಗೆ ಕೇಳಿ ಕೇಳಿ ಬೇಜಾರು ಬಂದಿತ್ತು. ದೇಶಕ್ಕೆ ಮೊದಲ ಓಟು ಬಂದಾಗ ಒಂದೊಂದು ಗುರ್ತಿಗೆ ಒಂದೊಂದು ಡಬ್ಬಿ ಇಟ್ಟಿದ್ದರಂತೆ. ಅಜ್ಜ, ಅಜ್ಜಿ ಇಬ್ಬರೂ ಶಾಲೆಗೆ ನಡೆದುಕೊಂಡು ಹೋದರು. ನಮ್ಮಲ್ಲಿ ಆ ಕಾಲಕ್ಕೆ ಗಂಡಸು ಮುಂದೆ, ಹೆಂಗಸು ಬುಟ್ಟಿ ಹೊತ್ತು ಹತ್ತು ಮಾರು ಹಿಂದೆ. ಆ ದಿನ ಅಜ್ಜಿಯ ತಲೆ ಮೇಲೆ ಬುಟ್ಟಿ ಇರಲಿಲ್ಲ. ಅಜ್ಜ ನಿಂತ. ಇವಳೂ ಹಿಂದೆ ನಿಂತಳು. "ಬಾ, ಜೊತೆಗೆ ಬಾ. ಇವತ್ತು ಇಬ್ಬರದ್ದೂ ಒಂದೊಂದೇ" ಅಂದನಂತೆ. ಅವಳು ಅವನ ಪಕ್ಕದಲ್ಲಿ ನಡೆದಳು. ಹೋಗುವಾಗಲೂ, ಬರುವಾಗಲೂ.

"ಅಷ್ಟೇಯಾ?" ಅಂತ ನಾನು ಸಣ್ಣವಳಿರುವಾಗ ಕೇಳಿದ್ದೆ.

"ಅಷ್ಟೇ. ಮತ್ತೆಂತ ಬೇಕು? ಮದ್ವೆಯಾಗಿ ಹದಿನಾರು ವರ್ಷ ಆಗಿತ್ತು. ಆ ಒಂದೇ ದಿನ."

ಮುಂದೆ ಅಜ್ಜ ಸತ್ತ. ಗುರ್ತಿನ ಚಿತ್ರವೇ ಬದಲಾಯಿತು, ಮತ್ತೆ ಬದಲಾಯಿತು. ಅಜ್ಜಿಗೆ ಏನೂ ಫರಕು ಬೀಳಲಿಲ್ಲ. ಅವಳ ಬಾಯಲ್ಲಿ ಅದರ ಹೆಸರು ಒಂದೇ. ಅವರ ಗುರ್ತು. ಅವರು ಅಂದರೆ ಗಂಡ. ಹೆಸರು ಹಿಡಿಯುವಂತಿಲ್ಲವಲ್ಲ.

ಅಪ್ಪನ ಕಾಲಕ್ಕೆ ಗಾಳಿ ತಿರುಗಿತು. ಅಪ್ಪ ರಂಪಣಿಯವನು. ರಂಪಣಿ ಅಂದರೆ ಆಗಲೇ ಹೇಳಿದ ಆ ದೊಡ್ಡ ಬಲೆ. ದೋಣಿಯಲ್ಲಿ ಹೋಗಿ ಸಮುದ್ರದಲ್ಲಿ ಅರ್ಧಚಂದ್ರದ ಹಾಗೆ ಬಿಟ್ಟು ಬರಬೇಕು, ಎರಡು ತುದಿಯ ಹಗ್ಗ ದಡದಲ್ಲಿ. ಆಮೇಲೆ ಕೇರಿಯ ಅಷ್ಟೂ ಜನ ಎರಡು ಸಾಲಾಗಿ ನಿಂತು ಎಳೆಯಬೇಕು. ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ಪಾಲು. ಮುದುಕಿಯಾಗಲಿ, ಬಸುರಿಯಾಗಲಿ, ದಾರಿಯಲ್ಲಿ ಹೋಗುವವನಾಗಲಿ, ಬಲ ಎಷ್ಟು ಹಾಕಿದೆ ಅಂತ ಯಾರೂ ಕೇಳುವುದಿಲ್ಲ, ಕೈ ಇತ್ತೋ ಇಲ್ಲವೋ ಅಷ್ಟೇ. ಅದಕ್ಕೇ ಯಾರಿಗಾದರೂ ಬಲೆಯ ಯಜಮಾನನ ಮೇಲೆ ಸಿಟ್ಟು ಬಂದರೆ ಜಗಳ ಗಿಗಳ ಇಲ್ಲ. ಎಳೆಯುತ್ತ ಎಳೆಯುತ್ತ ಹಗ್ಗ ಬಿಟ್ಟು ಪಕ್ಕಕ್ಕೆ ಸರಿದು ನಿಲ್ಲುವುದು. ಹಗ್ಗ ಬಿಟ್ಟರು ಅಂದರೆ ಆಯಿತು. ಈ ಬಲೆಯ ಮೀನು ನನಗೆ ಬೇಡ ಅಂತ ಅರ್ಥ. ಆಮೇಲೆ ಯಜಮಾನನೇ ಬುಟ್ಟಿ ತುಂಬಿ ಮನೆಗೆ ಕಳಿಸಿದರೂ ಅವರು ಮುಟ್ಟುವುದಿಲ್ಲ. ಇದಕ್ಕಿಂತ ದೊಡ್ಡ ಬೈಗುಳ ನಮ್ಮ ಕೇರಿಯಲ್ಲಿ ಇರಲಿಲ್ಲ.

ಮಷಿನ್ ಬೋಟುಗಳು ಬಂದು ದೂರದಲ್ಲೇ ಮೀನನ್ನು ಸುತ್ತಿ ಎತ್ತತೊಡಗಿದ ಮೇಲೆ ದಡಕ್ಕೆ ಮೀನು ಬರುವುದು ನಿಂತಿತು. ಆ ಬೋಟುಗಳಿಗೆ ಸಾಲ ಕೊಟ್ಟವರು ಅವರ ಗುರ್ತಿನವರೇ. ಅಪ್ಪ, ಮತ್ತೆ ಕೇರಿಯ ಗಂಡಸರು ಕಾರವಾರದ ಬಂದರಿಗೆ ಹೋಗಿ ಕೂಗಿ ಬಂದರು. ಕೂಗಿದ್ದಕ್ಕೆ ಗಂಟಲು ಹೋಯಿತು, ಬೇರೇನೂ ಆಗಲಿಲ್ಲ. ರಂಪಣಿ ಬಲೆ ಮಾಡಿನಲ್ಲಿ ಇಲಿ ಕಡಿದು ಹಾಳಾಯಿತು, ಉಳಿದದ್ದನ್ನು ಬಸಳೆ ಚಪ್ಪರಕ್ಕೆ ಹೊದಿಸಿದರು. ಮುಂದಿನ ಓಟಿಗೆ ಅಪ್ಪ ಬೇರೆ ಗುರ್ತಿಗೆ ಒತ್ತಿ ಬಂದ. ಅವನ ಜೊತೆ ಅರ್ಧ ಕೇರಿ. ಮನೆಗೆ ಬಂದವನೇ ಅಜ್ಜಿಯ ಎದುರು ಕುಕ್ಕರಗಾಲಲ್ಲಿ ಕೂತು, "ನಾ ಈ ಸಲ ಅವರಿಗೆ ಹಾಕ್ಲಿಲ್ಲ ಆಯಿ" ಅಂದ. ಅಜ್ಜಿ ಬಂಗಡೆ ಕೊಯ್ಯುತ್ತಿದ್ದಳು. "ನಿಂದು ನಿಂಗೆ" ಅಂದಳು. ಅಷ್ಟೇ ಮಾತು. ಅದರ ಮೇಲೆ ಇಪ್ಪತ್ತು ವರ್ಷ ನಮ್ಮ ಮನೆಯಲ್ಲಿ ಎರಡು ಗುರ್ತು, ಒಂದು ಒಲೆ.

ಅಜ್ಜಿಗೆ ಕಣ್ಣು ಹೋದ ಮೇಲೆ ಅಪ್ಪನೇ ಅವಳನ್ನು ಓಟಿಗೆ ಕರೆದುಕೊಂಡು ಹೋಗುತ್ತಿದ್ದ. ಕಣ್ಣು ಕಾಣದವರಿಗೆ ಮನೆಯವರೊಬ್ಬರು ಒಳಗೆ ಹೋಗಿ ಒತ್ತಿಕೊಡಬಹುದು. ಆಗ ಇನ್ನೂ ಕಾಗದದ ಓಟು, ಅಪ್ಪ ಒತ್ತುವ ಶಿಕ್ಕಾ ಹಿಡಿಯುತ್ತಿದ್ದ, ಅಜ್ಜಿ ಅವನ ಮಣಿಕಟ್ಟಿನ ಮೇಲೆ ಕೈ ಇಡುತ್ತಿದ್ದಳು. ಅವನು ತನ್ನ ಓಟನ್ನು ಎಲ್ಲಿ ಹಾಕಿದರೂ ಅವಳದನ್ನು ಅವಳ ಗುರ್ತಿಗೇ ಒತ್ತುತ್ತಿದ್ದ. ಒಂದು ಸಲ ನಾನು ತಮಾಷೆಗೆ, "ಅಪ್ಪಾ, ಅಜ್ಜಿಗೆ ಕಾಣೂದಿಲ್ಲ. ಎರಡೂ ನಿನ್ನದಕ್ಕೇ ಒತ್ತಿ ಬಂದ್ರೆ ಯಾರಿಗೆ ಗೊತ್ತಾಗ್ತದೆ?" ಅಂದಿದ್ದೆ. ಅಪ್ಪ ನಗಲಿಲ್ಲ. "ಅವಳ ಕೈ ಮೇಲಿರ್ತದೆ" ಅಂದ.

ಇನ್ನು ನನ್ನ ಕಾಲ. ನನ್ನನ್ನು ಕೊಟ್ಟದ್ದು ಕಾರವಾರದ ಹತ್ತಿರ, ಅರ್ಗಾದ ಬದಿಗೆ. ಗಂಡನ ಮನೆ ಅಂಗಳದಿಂದ ಇಳಿದರೆ ಮರಳು, ಮರಳಿನ ಮೇಲೆ ಅವರ ದೋಣಿ. ನೌಕಾನೆಲೆ ಬಂತು. ದೇಶಕ್ಕೆ ಬೇಕು ಅಂದರು. ಬೇಡ ಅಂತ ನಾವು ಯಾರು ಹೇಳಲು? ಹೆದ್ದಾರಿಯ ಆಚೆ, ಗುಡ್ಡದ ಬುಡದಲ್ಲಿ ಸಾಲಾಗಿ ಮನೆ ಕಟ್ಟಿಕೊಳ್ಳಲು ಜಾಗ ಕೊಟ್ಟರು. ಮೀನು ಹಿಡಿಯುವವನನ್ನು ಗುಡ್ಡದ ಬುಡಕ್ಕೆ ಒಯ್ದು ಕೂರಿಸಿದರೆ ಅವನು ಏನು ಹಿಡಿಯಬೇಕು, ಓತಿಕ್ಯಾತ ಹಿಡಿಯಬೇಕಾ? ದೋಣಿಯನ್ನು ಲಾರಿಯಲ್ಲಿ ಹಾಕಿ ತಂದು ಕಾಲನಿಯ ಹಿತ್ತಿಲಲ್ಲಿ ಮಗುಚಿಟ್ಟರು. ಅದರ ಕೆಳಗೆ ಕೋಳಿ ಮೊಟ್ಟೆ ಇಡುತ್ತಿತ್ತು. ನನ್ನ ಗಂಡ ನೌಕಾನೆಲೆಯ ಗೋಡೆ ಕಟ್ಟುವ ಕೂಲಿಗೆ ಸೇರಿದ. ತನ್ನ ಮನೆಯ ದಡಕ್ಕೆ ತಾನೇ ಕಲ್ಲು ಹೊತ್ತು ಅಡ್ಡ ಕಟ್ಟಿದ. ಸಂಜೆ ಬಂದು ಕಾಲು ತೊಳೆದು ಸುಮ್ಮನೆ ಕೂರುತ್ತಿದ್ದ. ಮೊದಲು ಬಾಯಿ ತುಂಬ ಮಾತಾಡುತ್ತಿದ್ದ ಮನುಷ್ಯ.

ಆ ಕಾಗದಗಳಿಗೆ ಸಹಿ ಹಾಕಿದವರು ಯಾವ ಗುರ್ತಿನವರು ಅಂತ ನಾನು ಲೆಕ್ಕ ಇಟ್ಟುಕೊಂಡಿದ್ದೆ. ನನ್ನ ಹಾಗೆ ಲೆಕ್ಕ ಇಟ್ಟವರು ಬಹಳ ಜನ. ಹೊಸ ಗುರ್ತಿನವರು ಬಂದರೆ ಎಲ್ಲ ಸರಿಯಾಗುತ್ತದೆ ಅಂತ ನಂಬಿದವರೂ ಬಹಳ ಜನ. ಹುಡುಗರೆಲ್ಲ ಬಾವುಟ ಕಟ್ಟಿಕೊಂಡು ಬೈಕಿನಲ್ಲಿ ಸದಾಶಿವಗಡದತನಕ ಹೋಗಿ ಬಂದರು. ಎರಡು ಸಾವಿರದ ನಾಲ್ಕನೇ ಇಸವಿಗೆ ನಮ್ಮ ಕೇರಿಯಲ್ಲಿ ಅವರ ಗುರ್ತಿಗೇ ಹಾಕುತ್ತೇನೆ ಅಂತ ಬಾಯಿ ಬಿಟ್ಟು ಹೇಳುವವರು ಇಬ್ಬರೇ. ಅಜ್ಜಿ, ಮತ್ತೆ ಅವಳ ಜೊತೆ ಮೂವತ್ತು ವರ್ಷ ಅಂಕೋಲೆ ಪೇಟೆಯಲ್ಲಿ ಮೀನು ಮಾರಿದ ಪಕ್ಕದ ಮನೆಯ ಮಾವಶಿ. ಗುಮಟೆ ಬಡಿದು ಹಾಡುವ ಪಾಂಗಿನಲ್ಲಿ ಹುಡುಗರು ಈ ಇಬ್ಬರು ಮುದುಕಿಯರ ಮೇಲೆ ಪದ ಕಟ್ಟಿ ಹಾಡಿ ನಗುತ್ತಿದ್ದರು. ಅಜ್ಜಿ ತಾನೂ ನಗುತ್ತಿದ್ದಳು.

ಅಪ್ಪ ಅದಕ್ಕೆ ಎರಡು ವರ್ಷ ಹಿಂದೆ ತೀರಿಕೊಂಡಿದ್ದ. ಅಮ್ಮ ನಾನು ಚಿಕ್ಕವಳಿರುವಾಗಲೇ ಹೋದವಳು, ನನ್ನನ್ನು ಸಾಕಿದ್ದೇ ಅಜ್ಜಿ. ಹಾಗಾಗಿ ನಾನು, ಗಂಡ ಇಬ್ಬರೂ ಕಾಲನಿಯ ಮನೆಗೆ ಬೀಗ ಹಾಕಿ ಅಜ್ಜಿಯ ಮನೆಗೇ ಬಂದು ಉಳಿದಿದ್ದೆವು. ಓಟೂ ಅಲ್ಲಿಗೇ ಬದಲಾಗಿತ್ತು. ಆ ಸಲ ಅಜ್ಜಿಯನ್ನು ಕರೆದುಕೊಂಡು ಹೋಗುವ ಕೆಲಸ ನನ್ನ ಪಾಲಿಗೆ ಬಂತು.

ಓಟಿನ ಹಿಂದಿನ ವಾರ ಗಂಡ ಕಾಲನಿಗೆ ಹೋಗಿ ದೋಣಿ ಒಡೆದು ಸೌದೆ ಮಾಡಿ ಟೆಂಪೋದಲ್ಲಿ ತಂದ. ಗೆದ್ದಲು ಹಿಡಿದಿತ್ತು, ಇನ್ನೇನು ಮಾಡುವುದು ಅಂದ. ಹಲಗೆಗಳನ್ನು ಒಂದರ ಮೇಲೊಂದು ಸರಿಯಾಗಿ ಒಟ್ಟಿದ, ಯಾವುದೋ ಒಳ್ಳೆಯ ಕೆಲಸಕ್ಕೆ ಒಟ್ಟಿದ ಹಾಗೆ. ನಾನು ಅದರಲ್ಲಿ ಅಡಿಗೆ ಮಾಡಿದೆ. ಎಣ್ಣೆ ಕುಡಿದ ಹಲಗೆ, ಚೆನ್ನಾಗಿ ಉರಿಯಿತು. ನನಗೆ ಯಾರನ್ನಾದರೂ ಹೊಡೆಯಬೇಕು ಅನಿಸುತ್ತಿತ್ತು. ಯಾರನ್ನು ಅಂತ ಗೊತ್ತಿರಲಿಲ್ಲ.

ಓಟಿನ ದಿನ ಎಪ್ರಿಲಿನ ಬಿಸಿಲು. ಅಜ್ಜಿ ಬೆಳಿಗ್ಗೆಯೇ ಮಿಂದು, ಬರೀ ಉಪ್ಪು ಹಾಕಿಕೊಂಡು ಗಂಜಿ ಉಂಡು ತಯಾರಾಗಿದ್ದಳು. ಮಷಿನ್ ಬಂದ ಮೇಲೆ ಅವಳಿಗೆ ಅದು ಮೊದಲ ಓಟು. ಮಾವಶಿ ಪ್ರಚಾರದವರು ಹಂಚಿದ್ದ ಚೀಟಿ ನೋಡಿ, "ದಿಲ್ಲಿ ಮಷಿನಲ್ಲಿ ಮೇಲಿಂದ ಎರಡನೇ ಗುಂಡಿ" ಅಂತ ಅವಳಿಗೆ ಎಣಿಸಿ ಹೇಳಿಕೊಟ್ಟಿದ್ದಳು. ಹೆಬ್ಬೆರಳಿನಿಂದ ತೊಡೆಯ ಮೇಲೆ ಅಳೆದು ಅಳೆದು ಅಜ್ಜಿ ಅಭ್ಯಾಸ ಮಾಡುತ್ತಿದ್ದಳು. ನಾನು ನೋಡಿದೆ, ಆದರೆ ತಲೆಗೆ ಹಾಕಿಕೊಳ್ಳಲಿಲ್ಲ.

ದಾರಿಯಲ್ಲಿ ನಾನೇ ಮಾತು ತೆಗೆದೆ. "ಅಜ್ಜಿ, ನಿನ್ನ ಅವರ ಗುರ್ತಿನವರು ನಮ್ಮ ದೋಣಿ ಸೌದೆ ಮಾಡ್ಸಿದ್ರು. ಗೊತ್ತುಂಟಾ?"

"ಗೊತ್ತುಂಟು. ನಿನ್ನೆ ಸಾರಿಗೆ ಎಣ್ಣೆ ಹೊಗೆ ವಾಸನೆ ಬಂತು."

"ಮತ್ತೂ ಹಾಕ್ತೆ ಅವರಿಗೇ?"

"ನಾ ಅವರಿಗೆ ಹಾಕೂದಲ್ಲ ಮಗಾ. ನಮ್ಮವರ ಸಂಗ್ತಿ, ಜೊತೆಗೆ ನಡೆಯೂದು. ಐದು ವರ್ಷಕ್ಕೆ ಒಂದು ಸಲ." ಸ್ವಲ್ಪ ದೂರ ಹೋಗಿ ಮತ್ತೆ ಅಂದಳು. "ನಿಂಗೆ ಸಿಟ್ಟಿದ್ರೆ ನಿಂದು ಬೇರೆ ಕಡೆ ಹಾಕು. ಹಾಕೂಕೇ ಬೇಕು. ಸಿಟ್ಟಿಲ್ಲದವರು ಯಾಕೆ ಓಟು ಹಾಕೂದು?"

ಈಗ ನೆನೆಸಿಕೊಂಡರೆ ಆ ಮಾತಿನಲ್ಲಿ ಎಲ್ಲ ಇತ್ತು. ಆಗ ನನಗೆ ಮುದುಕಿಯ ಹಠ ಅಂತ ಮಾತ್ರ ಕೇಳಿಸಿತು.

ಶಾಲೆಯಲ್ಲಿ ನನ್ನ ಓಟು ಮೊದಲು ಆಯಿತು. ಆಮೇಲೆ ಅಜ್ಜಿಯದು. ಅಧಿಕಾರಿ ನನ್ನಿಂದ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡ. ಅವರು ಹೇಳಿದ ಹಾಗೇ ಒತ್ತುತ್ತೇನೆ, ಗುಟ್ಟು ಹೊರಗೆ ಬಿಡುವುದಿಲ್ಲ ಅಂತ ಅದರಲ್ಲಿ ಬರೆದಿತ್ತು. ನನ್ನ ಸಹಿ ಈಗಲೂ ಯಾವುದೋ ಕಚೇರಿಯ ಕಟ್ಟಿನಲ್ಲಿ ಕೊಳೆಯುತ್ತಿರಬಹುದು.

ಆ ವರ್ಷ ದಿಲ್ಲಿಗೂ ಬೆಂಗಳೂರಿಗೂ ಒಟ್ಟಿಗೇ ಓಟು. ರಟ್ಟಿನ ಮರೆಯಲ್ಲಿ ಎರಡು ಮಷಿನ್. ಮೊದಲು ದಿಲ್ಲಿಯದರ ಎದುರು ನಿಂತೆವು. ಅಜ್ಜಿ ನನ್ನ ಮಣಿಕಟ್ಟಿನ ಮೇಲೆ ಕೈ ಇಟ್ಟಳು. ಜೀವಮಾನವಿಡೀ ಹಗ್ಗ ಎಳೆದ ಅಂಗೈ, ಒಳಗೆಲ್ಲ ಜಡ್ಡುಗಟ್ಟಿತ್ತು. "ಅವರದು" ಅಂತ ಪಿಸುಗುಟ್ಟಿದಳು. ನನ್ನ ಬೆರಳು ಎರಡನೇ ಗುಂಡಿಯ ಮೇಲೆಯೇ ಇತ್ತು. ಅಷ್ಟರಲ್ಲಿ ಒಟ್ಟಿದ ಹಲಗೆಗಳು ಕಣ್ಣಿಗೆ ಬಂದವು, ಅದರ ಪಕ್ಕದಲ್ಲಿ ಬೀಡಿ ಹಚ್ಚದೆ ಸುಮ್ಮನೆ ಬೆರಳಲ್ಲಿ ಹಿಡಿದು ಕೂತ ಗಂಡ. ನಾನು ಬೆರಳು ಕೆಳಗೆ ಜಾರಿಸಿ ಬೇರೆಯದನ್ನು ಒತ್ತಿದೆ. ಕೂಂಯ್ ಅಂತ ಮಷಿನ್ ಕೂಗಿತು.

"ಆಯ್ತಾ?" ಅಂದಳು ಅಜ್ಜಿ.

"ಆಯ್ತು" ಅಂದೆ.

ಎರಡನೇ ಮಷಿನಿನ ಎದುರು ಬಂದೆವು. ಅಜ್ಜಿ ನನ್ನ ಮಣಿಕಟ್ಟಿನಿಂದ ಕೈ ತೆಗೆದಳು. ತೆಗೆದು ಎರಡೂ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಂತಳು. "ನೀನೇ ಒತ್ತು" ಅಂದಳು. ಸೆಕೆಗೆ ಸುಸ್ತಾಗಿರಬೇಕು ಅಂದುಕೊಂಡೆ. ನಮ್ಮ ಕೇರಿಯಲ್ಲೇ ಹುಟ್ಟಿ ಬೆಳೆದ ನಾನು ಅದನ್ನು ಸೆಕೆ ಅಂದುಕೊಂಡೆ. ಒಂದು ತಪ್ಪು ಮಾಡಿದ ಮೇಲೆ ಬರುತ್ತದಲ್ಲ ಹೆದರಿಕೆ, ಅದರಲ್ಲಿ ಎರಡನೆಯದರಲ್ಲಿ ಅವಳ ಗುರ್ತನ್ನೇ ಹುಡುಕಿ ಒತ್ತಿದೆ. ಅರ್ಧ ಕೊಟ್ಟೆನಲ್ಲ, ಸಮ ಆಯಿತು ಅಂತ ಸಮಾಧಾನ ಮಾಡಿಕೊಂಡೆ. ಎಂಥ ಸಮ. ಅದರ ಮೇಲೆ ಅವಳ ಕೈಯೇ ಇರಲಿಲ್ಲ.

ಮನೆಗೆ ಬರುವಾಗ ಅವಳು ನನ್ನ ಕೈ ಹಿಡಿಯದೆ ಕೋಲು ಊರಿಕೊಂಡು ಬಂದಳು. ನಾನು ಬೇಗ ಬೇಗ ಬಂಗಡೆ ಸಾರು ಮಾಡಿದೆ. ತಿರ್ಪಲದ ಕಾಯಿ ಜಜ್ಜಿ ಹಾಕಿ, ಅವಳಿಗೆ ಸೇರುವ ಹಾಗೆ ದಪ್ಪ. ಬಡಿಸಿದೆ. ಅವಳು ಬಟ್ಟಲು ಈಚೆ ಸರಿಸಿದಳು.

"ಓಟು ಹಾಕಾಯ್ತಲ್ಲ ಅಜ್ಜಿ. ತಿನ್ನು."

"ಹಾಕಿದ್ದು ನೀನು. ನೀ ತಿನ್ನು."

ಸಿಟ್ಟಿನಲ್ಲಿ ಹೇಳಿದ್ದರೆ ನಾನೂ ಸಿಟ್ಟಿನಲ್ಲಿ ಏನಾದರೂ ಹೇಳಿ ಮುಗಿಸುತ್ತಿದ್ದೆ. ಅವಳು ಸಾರಿಗೆ ಉಪ್ಪು ಸಾಕಾ ಅಂತ ಕೇಳುವ ದನಿಯಲ್ಲಿ ಹೇಳಿದಳು. ಗಂಡ ತಲೆ ಎತ್ತಿ ನನ್ನ ಮುಖ ನೋಡಿದ. ನಾನು ಒಲೆಯ ಕಡೆ ತಿರುಗಿ ಸೌದೆ ಸರಿಮಾಡಿದೆ.

ನಾಳೆ ತಿಂದಾಳು ಅಂದುಕೊಂಡೆ. ನಾಳೆಯೂ ಇಲ್ಲ, ನಾಡಿದ್ದೂ ಇಲ್ಲ. ಮೀನು ತೊಳೆದುಕೊಡುತ್ತಿದ್ದಳು. ಕಣ್ಣು ಕಾಣದಿದ್ದರೂ ಶೆಟ್ಲಿ, ಅಂದರೆ ಸೀಗಡಿಯ ಸಿಪ್ಪೆಯನ್ನು ನನಗಿಂತ ಚೆನ್ನಾಗಿ ಬಿಡಿಸುತ್ತಿದ್ದಳು. ಮೂಸಿ ನೋಡಿಯೇ, ಇದು ನಿನ್ನೇದು, ಇದು ಇವತ್ತಿಂದು ಅನ್ನುತ್ತಿದ್ದಳು. ಊಟಕ್ಕೆ ಮಾತ್ರ ಗಂಜಿ, ಉಪ್ಪು, ಒಂದು ಹೋಳು ಉಪ್ಪಿನಕಾಯಿ. ಯಾರ ಹತ್ತಿರವೂ ಏನೂ ಹೇಳಲಿಲ್ಲ. ಕೇಳಿದವರಿಗೆ "ವಯಸ್ಸಾಯ್ತು, ಸೇರೂದಿಲ್ಲ" ಅನ್ನುತ್ತಿದ್ದಳು. ಮಾವಶಿ ಒಬ್ಬಳಿಗೆ ಗೊತ್ತಾಯಿತು. ಅವಳು ನನ್ನನ್ನು ಬಾವಿಕಟ್ಟೆಯ ಹತ್ತಿರ ನಿಲ್ಲಿಸಿ, "ಎಂತ ಮಾಡ್ದೆ ನೀ?" ಅಂದಳು. ನಾನು ನಿನಗೆಂತಕ್ಕೆ ಅಂತ ಕೊಡ ಎತ್ತಿಕೊಂಡು ಬಂದೆ.

ಮಳೆಗಾಲದಲ್ಲಿ ಒಂದು ದಿನ ನನಗೆ ತಡೆಯಲಿಲ್ಲ. ನಾಲ್ಕು ದಿನ ಮೀನು ಸಿಗದೆ ಅಂದು ಸಿಕ್ಕಿತ್ತು, ಎರಡು ಮನೆ ದಾಟಿ ಹೋಗುವಂಥ ವಾಸನೆಯ ಸಾರು. ಅವಳು ಎಂದಿನಂತೆ ಬಟ್ಟಲು ಸರಿಸಿದಳು. ನಾನು ಕೂಗಾಡಿದೆ. "ಹೌದು, ನಾನೇ ಬೇರೆ ಒತ್ತಿದೆ. ಬೇಕಂತಲೇ ಒತ್ತಿದೆ. ಹೊಡಿ ಬೇಕಾದ್ರೆ. ಹೀಗೆ ಉಪವಾಸ ಕೂತು ನನ್ನ ಕೊಲ್ಲಬೇಡ."

"ಹೊಡೆಯೂದು ಎಂತಕ್ಕೆ" ಅಂದಳು. "ನಂಗೆ ಅವತ್ತೇ ಗೊತ್ತಾಯ್ತು. ನಿನ್ನ ಕೈ ಕೆಳಗೆ ಹೋಯ್ತು."

ನಾನು ಸೌಟು ಕೆಳಗಿಟ್ಟು ಅವಳ ಎದುರು ಕೂತೆ.

"ನಿಂಗೂ ಒಂದು ಓಟು ಇತ್ತಲ್ಲ ಮಗಾ. ಅದನ್ನ ನೀ ಎಲ್ಲಿ ಹಾಕಿದ್ರೂ ನಾ ಒಂದು ಮಾತು ಅಂತಿದ್ನಾ? ನಂದು ಎಂತಕ್ಕೆ ತಕಂಡೆ?" ಮತ್ತೆ ಅಂದಳು. "ನಿನ್ನಪ್ಪಂಗೂ ಸಿಟ್ಟಿತ್ತು. ನಿಂಗಿಂತ ಹೆಚ್ಚಿತ್ತು. ಅವ ನನ್ನ ಕೈ ತಿರುಗಿಸ್ಲಿಲ್ಲ."

ಅವಳ ಕಾಲು ಹಿಡಿದುಕೊಂಡು ಅತ್ತೆ. ಅವಳು ನನ್ನ ತಲೆ ಸವರಿದಳು. ಅವಳಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ, ಅದನ್ನು ಹೇಳಲೇಬೇಕು. ಆ ದಿನವೂ ನನಗೆ ತಲೆ ಬಾಚಿ ಜಡೆ ಹಾಕಿದಳು. ಆದರೆ ಬಲೆ ದಡಕ್ಕೆ ಬಂದಿರಲಿಲ್ಲ, ಮೀನು ತಿನ್ನುವಂತಿಲ್ಲ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲ ಅಂತ ಗಾದೆ ಕೇಳಿದ್ದೆ. ಕೊಯ್ದದ್ದು ನನ್ನ ಮೂಗಲ್ಲ, ಅದೇ ಕಷ್ಟ.

ಮುಂದಿನ ಓಟಿಗಾಗಿ ನಾನು ಕಾದ ಹಾಗೆ ಯಾವ ಪುಢಾರಿಯೂ ಕಾದಿರಲಿಕ್ಕಿಲ್ಲ. ಮರುವರ್ಷ ಗ್ರಾಮ ಪಂಚಾಯ್ತಿ ಓಟು ಬಂತು. ಓಡಿ ಬಂದು ಹೇಳಿದೆ. ಅಜ್ಜಿ ಮುಖ ಎತ್ತಿ ಕೇಳಿದಳು, "ಅದ್ರಲ್ಲಿ ಅವರ ಗುರ್ತು ಇರ್ತದಾ?"

ಗ್ರಾಮ ಪಂಚಾಯ್ತಿಗೆ ಪಾರ್ಟಿ ಗುರ್ತು ಇರುವುದಿಲ್ಲ. ಟೇಬಲ್ಲು, ಗ್ಯಾಸ್ ಲೈಟು ಅಂತ ಏನೇನೋ ಇರುತ್ತವೆ. ಸುಳ್ಳು ಹೇಳಬಹುದಿತ್ತು. ಕಣ್ಣು ಕಾಣದವಳು, ಇದೆ ಅಂದಿದ್ದರೆ ನಂಬುತ್ತಿದ್ದಳೋ ಏನೋ. ಒಂದು ಸಲ ಅವಳಿಗೆ ಕಾಣುವುದಿಲ್ಲ ಅಂತ ಲೆಕ್ಕ ಹಾಕಿದ್ದು ಸಾಕು ಅನಿಸಿತು. "ಇಲ್ಲ ಅಜ್ಜಿ" ಅಂದೆ.

"ಹಂಗಾದ್ರೆ ಅದು ಬೇರೆ ಬಲೆ" ಅಂದಳು. ಓಟಿಗೆ ಬಂದಳು, ಮಾವಶಿಯನ್ನು ಜೊತೆಗೆ ಕರೆದುಕೊಂಡು ಹೋಗಿ ಹಾಕಿ ಬಂದಳು. ಮಾವಶಿಯ ಮಣಿಕಟ್ಟು ಹಿಡಿದು ಅಂಗಳ ದಾಟಿ ಹೋಗುವುದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ. ಬಂದು ಗಂಜಿ ಉಂಡಳು.

ಜಿಲ್ಲೆ, ತಾಲೂಕು ಪಂಚಾಯ್ತಿಯ ಓಟಿಗೆ ಪಾರ್ಟಿ ಗುರ್ತು ಉಂಟು, ವರ್ಷದ ಕೊನೆಗೆ ಬರುತ್ತದೆ ಅಂತ ಮಾಸ್ತರರೊಬ್ಬರು ಹೇಳಿದರು. ಅಜ್ಜಿಗೆ ಹೇಳಿದೆ. "ಅಲ್ಲೀತನಕ ಇದ್ರೆ ಆಯ್ತು" ಅಂದಳು. ಅವಳು ಆಗಲೇ ಸೊರಗಿದ್ದಳು. ಮಳೆ ಹಿಡಿಯುವ ಹೊತ್ತಿಗೆ ಹಾಸಿಗೆ ಹಿಡಿದಳು. ಡಾಕ್ಟರು ಬಂದು ನೋಡಿ, ಮೈಯಲ್ಲಿ ತ್ರಾಣವೇ ಇಲ್ಲ, ಮೀನಿನ ತಿಳಿ ಕೊಡಿ ಅಂದರು. ಮೀನಿನ ಕೇರಿಯಲ್ಲಿ ಬಂದು ಹಾಗೆ ಹೇಳಬೇಕಾಯಿತಲ್ಲ ಅವರು. ನಾನು ತಿಳಿ ಮಾಡಿ ಚಮಚದಲ್ಲಿ ತುಟಿಯ ಹತ್ತಿರ ಹಿಡಿದೆ. ಅವಳು ಅದರ ವಾಸನೆಯನ್ನು ಒಂದು ಸಲ ಪೂರ್ತಿ ಎಳೆದುಕೊಂಡು ಮುಖ ಆಚೆ ತಿರುಗಿಸಿದಳು. ಆಗಸ್ಟಿನಲ್ಲಿ, ಬಲೆ ನೀರಿಗಿಳಿಯುವ ಮೊದಲೇ ಹೋದಳು.

ಓಟು ಬಂದದ್ದು ಅದಾಗಿ ನಾಲ್ಕು ತಿಂಗಳಿಗೆ. ಆ ದಿನ ಬೆಳಿಗ್ಗೆ ನಾನೂ ಉಪ್ಪು ಹಾಕಿ ಗಂಜಿ ಉಂಡೆ. ಹಾಗೆ ಮಾಡಬೇಕು ಅಂತ ಎಣಿಸಿರಲಿಲ್ಲ, ಮೀನಿನ ಬಟ್ಟಲಿಗೆ ಕೈ ಹೋಗಲಿಲ್ಲ. ಶಾಲೆಯ ಬಾಗಿಲಲ್ಲಿ ಮಾವಶಿ ಸಿಕ್ಕಿದಳು. ಬಾವಿಕಟ್ಟೆಯ ಜಗಳದ ಮೇಲೆ ನಮ್ಮಲ್ಲಿ ಹೆಚ್ಚು ಮಾತಿರಲಿಲ್ಲ. ಅವಳು ನನ್ನ ಸೆರಗು ಹಿಡಿದು ಗೋಡೆಯ ಬದಿಗೆ ಎಳೆದಳು.

"ಪಟ್ಟಿಯಲ್ಲಿ ಅವಳ ಹೆಸರು ಇನ್ನೂ ಉಂಟು. ನಾ ಕೇಳಿಕಂಡೆ. ನೀ ನಿನ್ನ ಹೆಸರಲ್ಲಿ ಹಾಕಬೇಡ. ಅವಳ ಹೆಸರಲ್ಲಿ ಹೋಗಿ ಅವರ ಗುರ್ತಿಗೆ ಹಾಕು. ಒಳಗೆ ಕೂತವರೆಲ್ಲ ನಮ್ಮವರೇ, ಯಾರೂ ಎಂತ ಹೇಳೂದಿಲ್ಲ." ಅವಳ ಕಣ್ಣಲ್ಲಿ ನೀರಿತ್ತು. "ಅವಳ ಉಪವಾಸ ಬಿಡ್ಲಿ ಮಗಾ."

ಒಂದು ಒತ್ತು, ಅಷ್ಟೇ. ಸಾಲಿನಲ್ಲಿ ನಿಂತಷ್ಟು ಹೊತ್ತೂ ಒತ್ತಿಬಿಡುತ್ತೇನೆ ಅಂತಲೇ ಇದ್ದೆ. ಮೇಜಿನ ಎದುರು ಬಂದಾಗ ಪಟ್ಟಿಯಲ್ಲಿ ನನ್ನ ಹೆಸರಿನ ಮೇಲಿನ ಸಾಲಿನಲ್ಲೇ ಅವಳ ಹೆಸರು ಕಂಡಿತು. ನನಗೆ ನನ್ನ ಮಣಿಕಟ್ಟು ಕಂಡಿತು. ಬರಿದಾಗಿತ್ತು. ಅವಳ ಹೆಸರಲ್ಲಿ ಎರಡನೇ ಸಲ ನಾನೇ ಹಾಕುವುದಾ? ಅವಳ ಗುರ್ತಿಗೇ ಹಾಕಿದರೂ ಅದು "ಹಾಕಿದ್ದು ನೀನು" ಅಂತಲೇ ಆಗುತ್ತದೆ.

"ಮೇಲಿನವರು ತೀರಿಕೊಂಡಿದ್ದಾರೆ" ಅಂದೆ. "ನಮ್ಮಜ್ಜಿ. ಗುರ್ತು ಮಾಡ್ಕೊಳ್ಳಿ."

ಅಧಿಕಾರಿ ಪೆನ್ನಿನಲ್ಲಿ ಏನೋ ಬರೆದುಕೊಂಡ. ಪಕ್ಕದ ಬೆಂಚಿನಲ್ಲಿ ಕೂತ ಪಾರ್ಟಿಯವರೂ ತಮ್ಮ ತಮ್ಮ ಪಟ್ಟಿಯಲ್ಲಿ ಅವಳ ಹೆಸರಿನ ಮೇಲೆ ಗೆರೆ ಎಳೆದರು. ಎಲ್ಲ ಗುರ್ತಿನವರೂ ಎಳೆದರು. ನಾನು ಎಡಗೈ ಬೆರಳು ಚಾಚಿ ಶಾಯಿ ಹಾಕಿಸಿಕೊಂಡು ಒಳಗೆ ಹೋದೆ. ನನ್ನ ಓಟನ್ನು ಎಲ್ಲಿ ಹಾಕಿದೆ ಅಂತ ಇಲ್ಲಿ ಬರೆಯುವುದಿಲ್ಲ. ಅದು ನನ್ನದು.

ಆಮೇಲೆ ಎಷ್ಟೋ ಓಟು ಬಂದವು. ಹೊಸ ಗುರ್ತಿನವರೂ ಬಂದು ಹೋದರು, ಗೋಡೆ ಇದ್ದಲ್ಲೇ ಇದೆ. ಈಗ ಕೇರಿಯ ಹುಡುಗರು ಮತ್ತೆ ಬೇರೆ ಏನೋ ಮಾತಾಡುತ್ತಾರೆ. ಅಜ್ಜನ ಕಾಲದಲ್ಲಿ ಹೀಗಿತ್ತು, ಅಪ್ಪನ ಕಾಲದಲ್ಲಿ ಹಾಗಾಯಿತು ಅಂತ ನಾನು ಹೇಳಿದರೆ ಮೊಬೈಲು ನೋಡುತ್ತ ಹೂಂ ಅನ್ನುತ್ತಾರೆ.

ಅಜ್ಜಿಯ ಹೆಸರಿನ ಮೇಲೆ ಗೆರೆ ಎಳೆದ ಆ ದಿನ ಮನೆಗೆ ಬಂದು ಬಂಗಡೆ ಸಾರು ಮಾಡಿದೆ. ದೋಣಿಯ ಸೌದೆ ಎಂದೋ ಮುಗಿದಿತ್ತು, ತೆಂಗಿನ ಮಡ್ಲಿನಲ್ಲಿ ಮಾಡಿದೆ. ಬಡಿಸಿಕೊಂಡು ಕೂತೆ. ಗಂಟಲಲ್ಲಿ ಇಳಿಯಲಿಲ್ಲ ಅಂತ ಬರೆದರೆ ಚೆಂದ ಕಾಣುತ್ತದೆ, ಆದರೆ ಸುಳ್ಳಾಗುತ್ತದೆ. ನನ್ನ ಓಟು ನಾನು ಹಾಕಿ ಬಂದಿದ್ದೆ, ತಿನ್ನಲು ನನಗೆ ಅಡ್ಡಿಯಿರಲಿಲ್ಲ. ಎರಡು ಬಂಗಡೆ ತಿಂದೆ. ಹಸಿವೆಯಾಗಿತ್ತು, ರುಚಿಯಾಗಿತ್ತು.